ಏರಿನ ಗಾಲಿ

ಕೃಷ್ಣೆಯ ದಂಡೆಯ ಮೇಲೆ ಮಲಕಪ್ಪ ಗುರುಗಳ ಆಶ್ರಮವಿತ್ತು. ಅಲ್ಲಿ ಜಪ ಕಡಿಮೆ, ಸೈಕಲ್ಲು ಹೆಚ್ಚು. ಶಿಷ್ಯೆಯರು ಗುರುಗಳನ್ನು ಅಜ್ಜಾರ ಎಂದೇ ಕರೆಯುತ್ತಿದ್ದರು.

ಗೋಡೆಯ ಮೊಳೆಗಳಿಗೆ ಸೈಕಲ್ಲಿನ ಹಿಂಬದಿಯ ಗಾಲಿಗಳು ತೂಗುತ್ತಿದ್ದವು. ಚೈನು ಕೂರುವ ಹಲ್ಲಿನ ಚಕ್ರ ಸಣ್ಣದಿದ್ದರೆ ಅದು ಓಟದ ಗಾಲಿ. ಕಾಲಿಗೆ ಭಾರ, ಆದರೆ ತುಳಿಯಬಲ್ಲವರನ್ನು ಹಾರಿಸಿಕೊಂಡು ಹೋಗುತ್ತದೆ. ಚಕ್ರ ದೊಡ್ಡದಿದ್ದರೆ ದಿಬ್ಬ ಹತ್ತುವ ಏರಿನ ಗಾಲಿ. ತುಳಿಯಲು ಹಗುರ, ನಡೆ ನಿಧಾನ. ಅಮಾವಾಸ್ಯೆಗೊಮ್ಮೆ ಗುರುಗಳು ಒಬ್ಬೊಬ್ಬರ ಕಾಲಿನ ಕಸುವು ನೋಡಿ ಗಾಲಿ ಬದಲಿಸುತ್ತಿದ್ದರು.

ದಾನವ್ವ ಅಲ್ಲಿ ಎಲ್ಲರಿಗಿಂತ ಮುಂದಿದ್ದವಳು. ಕಾಮಾಲೆಯಾಗಿ ಮಳೆಗಾಲವೆಲ್ಲ ಹಾಸಿಗೆ ಹಿಡಿದು ಎದ್ದು ಬಂದಾಗ, ಗುರುಗಳು ಅವಳ ಕೈಗೆ ಕೊಟ್ಟದ್ದು ಏರಿನ ಗಾಲಿ. ಹೊಸಬರಿಗೆ ಕೊಡುವಂಥದ್ದು.

ಮೊದಮೊದಲು ಗೆಳತಿಯರು ದಿಬ್ಬದ ಮೇಲೆ ಕಾಯುತ್ತಿದ್ದರು. ಆಮೇಲೆ ಒಮ್ಮೆ ತಿರುಗಿ ನೋಡುತ್ತಿದ್ದರು. ಈಗ ಅದೂ ಇಲ್ಲ. ಅವರನ್ನು ಬೈಯುವಂತಿಲ್ಲ, ಓಡುವ ಸೈಕಲ್ಲು ಎಷ್ಟು ಹೊತ್ತು ನಿಂತೀತು? ಆದರೂ ಇಷ್ಟಗಲದ ರಸ್ತೆಯಲ್ಲಿ ತನ್ನ ಉಸಿರನ್ನು ತಾನೇ ಕೇಳುತ್ತ ಹೋಗುವುದು ದಾನವ್ವನಿಗೆ ಕಾಮಾಲೆಗಿಂತ ಕಷ್ಟವಾಗಿತ್ತು.

ಒಂದು ಬೆಳಗ್ಗೆ ಗುರುಗಳು ಸ್ನಾನಕ್ಕೆ ನದಿಗಿಳಿದದ್ದೇ ತಡ, ಅವಳು ತನ್ನ ಹಳೆಯ ಓಟದ ಗಾಲಿಯನ್ನು ಹಾಕಿಕೊಂಡು ಗೆಳತಿಯರ ಜೊತೆ ಹೊರಟೇಬಿಟ್ಟಳು. ಸಮತಟ್ಟು ಇರುವಷ್ಟು ದೂರ ನಗುನಗುತ್ತ ಹೋದಳು. ಎಷ್ಟು ದಿನವಾಗಿತ್ತು, ಪಕ್ಕದಲ್ಲಿ ಇನ್ನೊಂದು ಚೈನಿನ ಸದ್ದು ಕೇಳಿ!

ದಿಬ್ಬ ಶುರುವಾಯಿತು. ಅರ್ಧದಲ್ಲೇ ಕಾಲುಗಳು ಕೈಕೊಟ್ಟವು. ಸೈಕಲ್ಲು ನಿಂತಿತು. ದಾನವ್ವ ರಸ್ತೆಯ ಬದಿಗೆ ಕುಸಿದು ಕೂತಳು. ಗೆಳತಿಯರ ಮಾತು ತಿರುವಿನ ಆಚೆ ಹೋಯಿತು.

ಬಿಸಿಲೇರಿದ ಮೇಲೆ ಕೆಳಗಿನಿಂದ ಗುರುಗಳು ನಡೆದು ಬಂದರು. ಹೆಗಲ ಮೇಲೆ ಅವಳು ಬಿಟ್ಟುಬಂದ ಏರಿನ ಗಾಲಿ.

"ಯಾಕ ನಡಕೋತ ಬಂದ್ರಿ ಅಜ್ಜಾರ? ನಿಮ್ಮ ಸೈಕಲ್ ಎಲ್ಲಿ?"

"ನನ್ನ ಮೊಣಕಾಲಿಗೆ ಈಗ ಚಪ್ಪಲಿನೇ ಏರಿನ ಗಾಲಿ," ಎಂದು ಗುರುಗಳು ಅವಳ ಪಕ್ಕ ಕೂತು ಸುಧಾರಿಸಿಕೊಂಡರು.

"ನಾ ನಾಳೆ ಊರಿಗೆ ಹೋಗ್ತೀನ್ರಿ. ಇನ್ನ ಸೈಕಲ್ ಮುಟ್ಟಂಗಿಲ್ಲ."

"ಹೋಗುವಂತಿ. ಸೈಕಲ್ಲಿಗೆ ಹಾಕೀಯಲ್ಲ, ಈ ಗಾಲಿ ಯಾರದು?"

"ನಂದರೀ."

"ನಿಂದಲ್ಲ. ಹೋದ ವರ್ಷ ಒಬ್ಬಾಕಿ ದಾನವ್ವ ಇದ್ಲು, ಆಕಿದು. ಈ ದಿಬ್ಬ ಏರಾಕ ಆಕಿ ಎಂದೂ ತ್ರಾಸ ಪಟ್ಟಾಕಿ ಅಲ್ಲ. ಈಗ ಎಲ್ಲಿ ಅದಾಳ?"

ದಾನವ್ವ ಆ ಗಾಲಿಯ ಮೇಲೆ ಕೈಯಿಟ್ಟಳು.

"ಹೋಗ್ಯಾಳ್ರಿ. ಆಕಿನೂ ನನ್ನ ಬಿಟ್ಟು ಹೋಗ್ಯಾಳ."

ಎಂದವಳೇ ಅತ್ತುಬಿಟ್ಟಳು. ಕಾಯಿಲೆಯಲ್ಲೂ ಕಣ್ಣೀರು ಹಾಕದ ಗಟ್ಟಿ ಹುಡುಗಿ ಅವಳು.

ಗುರುಗಳು ಸೈಕಲ್ಲನ್ನು ಮಗುಚಿ ನಿಲ್ಲಿಸಿ, ಓಟದ ಗಾಲಿಯನ್ನು ಬಿಚ್ಚಿ, ಏರಿನ ಗಾಲಿಯನ್ನು ಕೂಡಿಸಿ, ಚೈನಿನ ಬಿಗಿ ನೋಡಿದರು.

"ಇದರ ಮ್ಯಾಲ ಹೋದ್ರ ಅವರು ಸಿಗ್ತಾರೇನ್ರಿ?"

"ಇವತ್ತು ಸಿಗಂಗಿಲ್ಲ."

"ದಿಬ್ಬದ ಮ್ಯಾಲ ಯಾರರ ಕಾಯ್ತಿರ್ತಾರೇನ್ರಿ?"

"ಇಲ್ಲ, ತಂಗಿ."

ಸುಳ್ಳು ಹೇಳಿ ಹುರಿದುಂಬಿಸುವ ಅಭ್ಯಾಸ ಅವರಿಗಿರಲಿಲ್ಲ. ದಾನವ್ವ ಬಹಳ ಹೊತ್ತು ಖಾಲಿ ರಸ್ತೆಯನ್ನೇ ನೋಡಿದಳು. ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡು ಸೈಕಲ್ಲು ಹತ್ತಿದಳು. ಪೆಡಲು ತಿರುಗಿತು. ನಿಧಾನ, ಆದರೆ ತಿರುಗಿತು.

ನಾಲ್ಕು ಮಾರು ಹೋದವಳು ಕಾಲೂರಿ ಹಿಂದಕ್ಕೆ ನೋಡಿದಳು. ಗುರುಗಳು ರಸ್ತೆಯ ಬದಿಯಲ್ಲಿ ಕೂತು, ಓಟದ ಗಾಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಧೂಳು ಒರೆಸುತ್ತಿದ್ದರು.

"ಹೋದ ವರ್ಷದಾಕಿ ನನ್ನ ಜೋಡಿ ಕುಂತಿರ್ತಾಳ," ಎಂದರು ಗುರುಗಳು. "ನೀ ಹೋಗು."