ದುಗ್ಗವ್ವ ಎಣ್ಣೆ ಹಚ್ಚಿದ ಕಲ್ಲು

ಬಾ ಮಗಾ, ಇತ್ತ ನನ್ನ ಮಗ್ಗುಲಿಗೆ ಬಾ. ಕಾಲು ಕಂಬಳಿ ಒಳಕ್ಕೆ ಎಳ್ಕೋ, ಆ ಕೂದಲು ಕಣ್ಣ ಮೇಲಿಂದ ಸರಿಸು. ನಗೋ ಕತೆ ಬೇಕು ಅಂದ್ಯಲ್ಲ, ಇವತ್ತು ನನ್ನ ಬಾಯಿಗೆ ಬರ್ತಿರೋದು ಅದಲ್ಲ. ಬಂದದ್ದನ್ನ ಹೇಳ್ತೀನಿ, ಹೂಂಗುಟ್ಟಿಕೊಂಡು ಕೇಳು.

ಒಂದಾನೊಂದು ಕಾಲದಲ್ಲಿ, ನನ್ನ ಅಜ್ಜಿಯ ಅಜ್ಜಿಗೂ ಎಷ್ಟೋ ಹಿಂದೆ, ಹೊನ್ನಗಿರಿ ಅಂತ ಒಂದು ರಾಜ್ಯ ಇತ್ತಂತೆ. ಆ ರಾಜ್ಯದ ಅಂಚಿನಲ್ಲಿ ಒಂದು ಊರು, ಆ ಊರಲ್ಲಿ ದುಗ್ಗವ್ವ ಅಂತ ಒಬ್ಬಳು. ಅವಳ ಗಂಡ ಊರ ದನ ಕಾಯ್ತಿದ್ದ. ಮದುವೆಯಾಗಿ ಮೂರು ವರ್ಷ ತುಂಬಿರಲಿಲ್ಲ, ಹೊಳೆ ಆಚೆಯಿಂದ ದನಗಳ್ಳರು ಬಂದರಂತೆ. ಅವನು ದನವನ್ನೆಲ್ಲ ಊರ ಕಡೆ ಅಟ್ಟಿದ, ಮೂರು ಕರು ಹಿಂದೆ ಉಳಿದವು. ಅವೂ ಅವನವಲ್ಲ, ಗೌಡರ ಮನೆಯವು. ಆ ಮೂರು ಕರು ಕೆರೆ ಏರಿ ಹತ್ತಿ ಮರೆಯಾಗೋವರೆಗೂ ದಾರಿಗೆ ಅಡ್ಡ ನಿಂತಿದ್ದನಂತೆ, ಕೈಯಲ್ಲಿ ದನ ಹೊಡೆಯೋ ಕೋಲು ಬಿಟ್ಟರೆ ಇನ್ನೇನೂ ಇರಲಿಲ್ಲ. ಕರು ಊರು ಸೇರಿದವು, ಅವನು ಸೇರಲಿಲ್ಲ.

ಆಮೇಲೆ ಊರವರು ಅವನಿಗೆ ಕೆರೆ ಏರಿ ಮೇಲೆ ಒಂದು ವೀರಗಲ್ಲು ನಿಲ್ಲಿಸಿದರಂತೆ. ಕೆಳಗಡೆ ಅವನು, ಅವನ ಕೋಲು, ಮೂರು ಕರು. ನಡುವೆ ಅವನ ತೋಳು ಹಿಡಿದು ಮೇಲಕ್ಕೆ ಕರಕೊಂಡು ಹೋಗೋ ಇಬ್ಬರು ದೇವಲೋಕದ ಹೆಣ್ಣುಮಕ್ಕಳು. ತುದೀಲಿ ಶಿವನ ಮುಂದೆ ಕೂತಿದ್ದಾನೆ, ಅತ್ತ ಸೂರ್ಯ ಇತ್ತ ಚಂದ್ರ. ಕಲ್ಲು ಕೆತ್ತಿದವನಿಗೆ ಚಿತ್ರ ಬರ್ತಿತ್ತು, ಅಕ್ಷರ ಬರ್ತಿರಲಿಲ್ಲ. ಹಂಗಾಗಿ ಹೆಸರು ಬರೀಲಿಲ್ಲ. ಯಾರಿಗೆ ಗೊತ್ತಿಲ್ಲ, ನಮ್ಮ ಹುಡುಗನೇ ಅಲ್ವಾ ಅಂದರಂತೆ ಊರವರು.

ದುಗ್ಗವ್ವ ಪ್ರತಿ ಅಮಾಸೆ ಆ ಕಲ್ಲು ತೊಳೆದು, ಹರಳೆಣ್ಣೆ ಹಚ್ಚಿ, ತಿಂಗಳ ಸುದ್ದಿಯೆಲ್ಲ ಹೇಳಿ ಬರೋಳು. ಯಾರ ಮನೆ ಎಮ್ಮೆ ಈಯಿತು, ಯಾವ ಸೊಸೆ ಮುನಿಸಿಕೊಂಡು ತೌರಿಗೆ ಹೋದಳು, ಎಲ್ಲಾನೂ. ಆದರೆ ಹೆಸರು ಮಾತ್ರ ಹಿಡೀತಿರಲಿಲ್ಲ. ಗಂಡನ ಹೆಸರು ಹೆಂಡತಿ ಬಾಯಲ್ಲಿ ಬಂದರೆ ಅವನ ಆಯಸ್ಸು ಸವೀತದೆ ಅಂತ ಆಗಿನವರ ನಂಬಿಕೆ. ಸತ್ತ ಮೇಲೆ ಇನ್ನು ಯಾವ ಆಯಸ್ಸು ಅಂತ ಅವಳನ್ನ ಯಾರೂ ಕೇಳಲಿಲ್ಲ, ಅವಳೂ ಕೇಳಿಕೊಳ್ಳಲಿಲ್ಲ. ನಲವತ್ತು ವರ್ಷ ಹಿಂಗೇ ಹೋಯಿತಂತೆ. ಅವನನ್ನ ಕಂಡಿದ್ದವರೆಲ್ಲ ಒಬ್ಬೊಬ್ಬರಾಗಿ ಮಣ್ಣಾದರು. ಬೇರೆ ವೀರಗಲ್ಲುಗಳೆಲ್ಲ ಪಾಚಿ ಹಿಡಿದು ವಾಲಿಕೊಂಡವು, ಅವಳದು ಮಾತ್ರ ಕರ್ರಗೆ ಮಿರಮಿರ ಮಿಂಚ್ತಿತ್ತು, ಕೆರೆ ಆಚೆ ದಡಕ್ಕೂ ಕಾಣೋ ಹಂಗೆ.

ಆ ಮಿಂಚೇ ಅವಳ ಪಾಲಿಗೆ ಮುಳುವಾಯಿತು ಕಣೇ.

ಹೊನ್ನಗಿರಿ ದೊರೆ ಒಂದು ಮದುವೆಗೆ ಹೋಗಿದ್ದನಂತೆ. ಅಲ್ಲಿ ಊಟಕ್ಕೆ ಕೂತಾಗ ಪಕ್ಕದ ರಾಜ್ಯದವನು, ನಮ್ಮ ಮೂಲಪುರುಷ ಹುಲಿ ಸೀಳಿದೋನು, ನಿಮ್ಮೋನು ಏನು ಮಾಡಿದ, ಉಪ್ಪು ಮಾರ್ಕೊಂಡು ಬಂದನಂತಲ್ಲ ಅಂತ ಹಂಗಿಸಿದನಂತೆ. ಎಲೆ ಮುಂದೆ ಕೂತೋರೆಲ್ಲ ನಕ್ಕರು. ದೊರೆ ಪಾಯಸ ಮುಟ್ಟದೆ ಎದ್ದು ಬಂದ. ಬಂದವನೇ ಅರಮನೆ ಜೋಯಿಸರನ್ನ ಕರೆದು, ನನ್ನ ರಾಜ್ಯಕ್ಕೂ ಒಬ್ಬ ಮೂಲಪುರುಷ ಬೇಕು, ಎಲ್ಲಿದ್ದರೂ ಹುಡುಕಿ ತನ್ನಿ ಅಂದನಂತೆ.

ಜೋಯಿಸರು ಪಲ್ಲಕ್ಕಿ ಏರಿ ಊರೂರು ತಿರುಗಿದರು. ಎಲ್ಲಿ ನೋಡಿದರೂ ಪಾಚಿಗಲ್ಲೇ. ಈ ಊರಿಗೆ ಬಂದಾಗ ಏರಿ ಮೇಲೆ ಕಲ್ಲು ಮಿಂಚ್ತಾ ಇದೆ, ಪಕ್ಕದಲ್ಲಿ ದುಗ್ಗವ್ವ ಎಣ್ಣೆ ಬಟ್ಟಲು ಹಿಡಕೊಂಡು ನಿಂತಿದ್ದಾಳೆ. ಇಷ್ಟು ತಪ್ಪದೆ ಪೂಜೆ ನಡೀತಿದೆ ಅಂದಮೇಲೆ ಇವನು ಯಾರೋ ದೊಡ್ಡವನೇ ಅಂದುಕೊಂಡರಂತೆ. ಯಾರದಮ್ಮ ಇದು ಅಂತ ಕೇಳಿದರು. ಅವಳು ಸೆರಗು ಎಳಕೊಂಡು, ನಮ್ಮನೆಯವರದು ಸ್ವಾಮಿ ಅಂದಳು. ಹೆಸರೇನು ಅಂದರು. ಅವಳು ತಲೆ ತಗ್ಗಿಸಿದಳು.

ಹೆಂಗಸರನ್ನ ಗಂಡನ ಹೆಸರು ಕೇಳಿದರೆ ಪಕ್ಕದಲ್ಲಿದ್ದವರು ಹೇಳಬೇಕು, ಅದು ಪದ್ಧತಿ. ಪಕ್ಕದಲ್ಲಿದ್ದವನು ಊರ ಗೌಡ, ಸಾತೇಗೌಡ ಅಂತ. ಆ ಮೂರು ಕರು ಅವರಪ್ಪನವೇ, ಅವು ಬೆಳೆದು ಹಸುವಾದ ಮೇಲೆ ಅವುಗಳ ಹಾಲು ಕುಡಿದೇ ಅವನು ದೊಡ್ಡವನಾದದ್ದು. ದುಗ್ಗವ್ವ ಗೌಡನ ಮುಖ ನೋಡಿದಳು. ಗೌಡ ಜೋಯಿಸರ ಪಲ್ಲಕ್ಕಿ ನೋಡಿದ, ಆಮೇಲೆ ಕೆರೆ ನೀರು ನೋಡಿದ. ಆ ಮುದುಕಿಗೆ ಅರುಳುಮರುಳು ಸ್ವಾಮಿ, ಇದು ನಮ್ಮ ತಾತನ ಕಾಲದಿಂದ ಇದೆ, ಯಾವನೋ ಮಹಾರಾಜಂದು ಅಂತಿದ್ರು ಅಂದುಬಿಟ್ಟನಂತೆ.

ಅವತ್ತು ಅವಳು ಬಾಯಿ ಬಿಟ್ಟಿದ್ದರೆ ಆಗ್ತಿತ್ತೋ ಏನೋ. ಬಿಡಲಿಲ್ಲ. ಎಂಟು ಜೋಡಿ ಎತ್ತು ಕಟ್ಟಿ ಕಲ್ಲು ಕಿತ್ತು ಬಂಡಿಗೆ ಹಾಕಿದರು. ಬಂಡಿ ಹಿಂದೆ ಊರ ಗಡಿವರೆಗೂ ಓಡಿದಳಂತೆ, ಓಡಿ ಓಡಿ ಕೂತುಬಿಟ್ಟಳಂತೆ.

ಆಮೇಲೆ ಒಂದು ತಿಂಗಳು ಒಲೆ ಹಚ್ಚಲಿಲ್ಲ. ಯಾರೋ ಕೊಟ್ಟರೆ ಉಂಡಳು, ಇಲ್ಲದಿದ್ದರೆ ಇಲ್ಲ. ಅಷ್ಟರಲ್ಲಿ ಡಂಗುರದವನು ಬಂದು, ನಮ್ಮ ರಾಜ್ಯ ಕಟ್ಟಿದ ಮಹಾರಾಜ ಸಿಕ್ಕಿದ್ದಾನೆ, ಅವನ ಹೆಸರು ವಜ್ರಭೀಮ, ಇನ್ನು ಮೇಲೆ ಆಣೆ ಇಡೋದಾದರೆ ಅವನ ಮೇಲೇ ಇಡಬೇಕು ಅಂತ ಸಾರಿಕೊಂಡು ಹೋದನಂತೆ. ದುಗ್ಗವ್ವ ಬುತ್ತಿ ಕಟ್ಟಿಕೊಂಡು ಮೂರು ದಿನ ನಡೆದು ರಾಜಧಾನಿ ಸೇರಿದಳು. ಅಲ್ಲಿ ದೊಡ್ಡ ಮಂಟಪ ಏಳ್ತಾ ಇದೆ, ಒಳಗಿಂದ ಉಳಿ ಸದ್ದು ಟಣ್ ಟಣ್ ಅಂತ ಬರ್ತಾ ಇದೆ. ಬಾಗಿಲಲ್ಲಿ ಜೋಯಿಸರು ಸಿಕ್ಕಿದರು. ನಮ್ಮನೆಯವರನ್ನ ಕೊಡಿ ಸ್ವಾಮಿ ಅಂದಳು. ಕಾವಲವರೆಲ್ಲ ಗೊಳ್ಳೆಂದು ನಕ್ಕರು, ಮಹಾರಾಣಿ ದಯಮಾಡಿಸಿದರು ದಾರಿ ಬಿಡ್ರೋ ಅಂದರು. ಜೋಯಿಸರು ಮತ್ತೆ ಕೇಳಿದರು, ಹೆಸರು ಹೇಳು.

ಮದುವೆಮನೇಲಿ ಹೆಣ್ಣುಮಕ್ಕಳು ಗಂಡನ ಹೆಸರನ್ನ ಒಗಟು ಕಟ್ಟಿ ಹೇಳ್ತಾರಲ್ಲ, ಹಂಗೆ ಹೇಳಿದಳಂತೆ. ಊರ ಸಗಣಿ ಎಲ್ಲಿ ಸೇರ್ತದೋ, ಹೊಲಕ್ಕೆ ಗೊಬ್ಬರ ಎಲ್ಲಿಂದ ಹೋಗ್ತದೋ, ಅದೇ ಸ್ವಾಮಿ. ಹುಟ್ಟಿದ ಮಕ್ಕಳು ಸಾಯ್ತಿದ್ದವು ಅಂತ ನಮ್ಮತ್ತೆ ಅವರನ್ನ ಅದರ ಮೇಲೆ ಉರುಳಿಸಿ ಎತ್ಕೊಂಡು ಅದರ ಹೆಸರೇ ಇಟ್ಟರು.

ಕಾವಲವರು ಹೊಟ್ಟೆ ಹಿಡಕೊಂಡು ಬಿದ್ದು ಬಿದ್ದು ನಕ್ಕರು. ಜೋಯಿಸರು ನಗಲಿಲ್ಲ. ಅವರ ಮುಖ ಬಿಳಿಚಿಕೊಂಡಿತಂತೆ. ಅವಳನ್ನ ಪಕ್ಕಕ್ಕೆ ಕರೆದು, ತಾಯಿ, ನೀನು ಹೇಳ್ತಿರೋದು ನಿಜ ಅಂತ ನನಗೆ ಕಾಣ್ತದೆ, ಅದಕ್ಕೇ ಹೇಳ್ತೀನಿ ಇದನ್ನ ಇನ್ನೆಲ್ಲೂ ಹೇಳಬೇಡ ಅಂದು, ಒಂದು ಸೀರೆ ಕೊಟ್ಟು ಕಳಿಸಿದರು. ಅವಳು ಸೀರೇನ ಅಲ್ಲೇ ಜಗಲಿ ಮೇಲೆ ಇಟ್ಟು ಬಂದಳು.

ಊರಿಗೆ ಹೋಗಲಿಲ್ಲ. ಮಂಟಪದ ಬೀದೀಲಿ ರಾಗಿ ಬೀಸಿಕೊಟ್ಟುಕೊಂಡು ಕಾದಳು. ಮಂಟಪ ತೆರೆಯೋ ದಿನ ಬಂತು. ಮುತ್ತೈದೆಯರನ್ನ ಮಾತ್ರ ಮುಂದೆ ಬಿಟ್ಟರು, ಗಂಡ ಸತ್ತವರು ಎದುರಿಗೆ ಬರಬಾರದು ಅಂತ ಅವಳನ್ನ ದೂರ ತಳ್ಳಿದರು. ಅವನ ಕಲ್ಲಿನ ಮುಂದೇನೇ ಅವನ ಹೆಂಡತಿ ಅಪಶಕುನ, ನೋಡು. ಸಾವಿರಾರು ಜನ ವಜ್ರಭೀಮ ವಜ್ರಭೀಮ ಅಂತ ಕೂಗಿದರು. ಎಲ್ಲ ಮುಗಿದು ದೊರೆ ಹೊರಟಾಗ ಅವಳು ಹೆಂಗೋ ನುಸುಳಿ ಕುದುರೆ ಕಾಲ ಮುಂದೆ ಬಿದ್ದುಬಿಟ್ಟಳಂತೆ. ಎಳೆಯಕ್ಕೆ ಬಂದವರನ್ನ ದೊರೆ ತಡೆದು, ಏನವ್ವಾ ಅಂದ.

ಅವಳು ಎದ್ದು ಕೂತು, ಕಣ್ಣು ಮುಚ್ಚಿಕೊಂಡು ಹೇಳಿದಳು:

"ಅವರ ಹೆಸರು ತಿಪ್ಪ."

ಹುಟ್ಟಿದಾಗಿನಿಂದ ಅದೇ ಮೊದಲು. ಆ ಹೆಸರು ಅವಳ ಬಾಯಿಗೇ ಹೊಸದಾಗಿತ್ತಂತೆ, ಯಾರದೋ ಹೆಸರಿನ ಹಂಗೆ.

ದೊರೆ ಎಲ್ಲರನ್ನೂ ದೂರ ಕಳಿಸಿ, ಕುದುರೆ ಇಳಿದು, ಕಲ್ಲು ಚಪ್ಪಡಿ ಮೇಲೆ ಕೂತು ಮೊದಲಿಂದ ಕೊನೇವರೆಗೂ ಕೇಳಿದನಂತೆ. ಕೆಟ್ಟವನಲ್ಲ ಅವನು. ನಂಬಿದ. ನಂಬಿ ಹೇಳಿದ, ಅವ್ವಾ, ನಾಡಿದ್ದು ನನ್ನ ಎಂಟು ಸಾವಿರ ಜನ ಯುದ್ಧಕ್ಕೆ ಹೋಗ್ತಾರೆ. ವಜ್ರಭೀಮನ ಮೇಲೆ ಆಣೆ ಇಟ್ಟಿದ್ದಾರೆ. ಅವನು ದನ ಕಾಯ್ತಿದ್ದ, ಮೂರು ಕರುವಿಗೆ ಸತ್ತ ಅಂತ ಈಗ ಹೇಳಿದರೆ ಯಾವನು ಮುಂದೆ ಹೋಗ್ತಾನೆ. ನೀನು ಇಲ್ಲೇ ಇರು, ಸಾಯೋವರೆಗೂ ಊಟ ಬಟ್ಟೆ ನನ್ನದು, ಆ ಹೆಸರು ಮಾತ್ರ ಎತ್ತಬೇಡ.

ದುಗ್ಗವ್ವ ಅಂದಳು, "ಅವರು ಯಾರನ್ನೂ ಕೊಲ್ಲಲಿಲ್ಲ ಬುದ್ಧಿ. ಅಡ್ಡ ನಿಂತರು, ಅಷ್ಟೇ."

ದೊರೆ ಮಂಟಪದ ಕಡೆ ಕೈ ತೋರಿಸಿದ. ಬೇಕಾದರೆ ಒಂದು ಸಲ ಒಳಗೆ ಹೋಗಿ ನೋಡಿ ಬಾ ಅಂದ.

ಒಳಗೆ ಹೋದಳು. ಕಲ್ಲಿನ ಮುಂದೆ ನಿಂತಳು. ಕೋಲಿದ್ದ ಕಡೆ ಕತ್ತಿ ಕೆತ್ತಿದ್ದರು. ಮೂರು ಕರುವನ್ನ ತರಿದು ತರಿದು ಮೂರು ರುಂಡ ಮಾಡಿದ್ದರು. ಮುಖಕ್ಕೆ ಹುರಿಮೀಸೆ, ತಲೆಗೆ ಕಿರೀಟ. ಅವಳು ಕೈಯಲ್ಲಿ ತಡವಿದಳು, ಹಣೆ, ಕೆನ್ನೆ, ಭುಜ, ಅಂಗಾಲು, ಎಲ್ಲಾದರೂ ಒಂದು ಬೆರಳಗಲ ಅವನು ಉಳಿದಿದ್ದಾನಾ ಅಂತ. ಎಲ್ಲೂ ಇರಲಿಲ್ಲವಂತೆ. ಹೊರಗೆ ಬಂದು, ಇವರು ನಮ್ಮನೆಯವರಲ್ಲ ಬುದ್ಧಿ, ನಂದು ತಪ್ಪಾಯಿತು ಅಂತ ಕೈ ಮುಗಿದು ಹೊರಟಳಂತೆ. ದೊರೆ ಹಿಂದಿನಿಂದ ಕರೆದ, ಅವಳು ತಿರುಗಲಿಲ್ಲ.

ಆಮೇಲೆ ಏನಾಯಿತು ಅಂತೀಯಾ? ಸಾತೇಗೌಡ ಕಲ್ಲು ಕಿತ್ತ ಗುಂಡಿಗೆ ಕಟ್ಟೆ ಕಟ್ಟಿಸಿ, ಬಂದವರಿಗೆಲ್ಲ ವಜ್ರಭೀಮ ನಮ್ಮ ವಂಶದವನೇ ಅಂತ ಹೇಳಿ ಹೇಳಿ, ಕೊನೆಗೆ ತಾನೇ ನಂಬಿಕೊಂಡು ಸುಖವಾಗಿ ಸತ್ತನಂತೆ. ಜೋಯಿಸರು ವಜ್ರಭೀಮನ ಚರಿತ್ರೆ ಬರೆಯೋಕೆ ಕೂತು, ಮೂರು ಓಲೆ ಬರೆದು, ಬರೆಯೋ ಕಡ್ಡಿ ಮುರಿದಿಟ್ಟು ಕಾಶಿ ಕಡೆ ಹೋದವರು ತಿರುಗಿ ಬರಲಿಲ್ಲ. ದೊರೆ ಮೊದಲನೇ ಯುದ್ಧ ಗೆದ್ದ, ಎರಡನೇದು ಗೆದ್ದ, ಮೂರನೇದರಲ್ಲಿ ರಾಜ್ಯಾನೂ ಹೋಯಿತು ತಲೇನೂ ಹೋಯಿತು. ಗೆದ್ದವನು ಕಲ್ಲನ್ನ ತನ್ನೂರಿಗೆ ಸಾಗಿಸಿ, ಮೀಸೆ ಕೆತ್ತಿಹಾಕಿಸಿ, ತಮ್ಮ ಮೂಲಪುರುಷನ ಹೆಸರು ಇಟ್ಟನಂತೆ. ಈಗಲೂ ಅಲ್ಲಿ ಜನ ಕೈ ಮುಗೀತಾರಂತೆ.

ದುಗ್ಗವ್ವ ಊರಿಗೆ ಬಂದಳು. ಒಂದು ಸಲ ಬಾಯಿಗೆ ಬಂದ ಹೆಸರು ಆಮೇಲೆ ನಿಲ್ಲಲೇ ಇಲ್ಲವಂತೆ. ನೀರು ಸೇದುವಾಗ, ಕಸ ಹೊಡೆಯುವಾಗ, ತಿಪ್ಪಾ ತಿಪ್ಪಾ ಅಂತ ಕರೀತಾನೇ ಇದ್ದಳು. ಮುದುಕಿ ಯಾವುದೋ ಮೊಮ್ಮಗೂನ ಕರೀತಾಳೆ ಅಂದುಕೊಂಡರು ಹೊಸಬರು. ಒಂದು ಬೇಸಗೇಲಿ ಅವಳೂ ಹೋದಳು. ಹೆಂಗಸು, ಯಾರು ಕಲ್ಲು ನಿಲ್ಲಿಸ್ತಾರೆ.

ತಿಪ್ಪನಾ? ಅವನು ಏರಿ ದಾರೀಲಿ ಸತ್ತ ಅಂತ ನಾನು ಮೊದಲೇ ಹೇಳಿದೆನಲ್ಲ, ಅದು ತಪ್ಪು ಮಗಾ. ಅವನು ಸತ್ತದ್ದು ದುಗ್ಗವ್ವ ಸತ್ತ ದಿನ. ಅಲ್ಲಿಗೆ ಈ ಕತೇಲಿ ಯಾರೂ ಉಳೀಲಿಲ್ಲ, ಹೇಳೋದೂ ಉಳೀಲಿಲ್ಲ.