ತೆಗೆಸಿದವರ ಹೆಸರು

ಸರ್ಕಾರಿ ವೆಬ್ ಪುಟಗಳಿಗೆಲ್ಲ ಕಾಯಂ ನಂಬರ್ ಕೊಡುವ ಕಚೇರಿ ಒಂದಿತ್ತು. ಪುಟ ಎಲ್ಲಿಗೆ ಹೋದರೂ ಆ ನಂಬರ್ ಒತ್ತಿದರೆ ಸಿಗಬೇಕು. ನಂಬರುಗಳ ನೋಂದಣಿ ನೋಡಿಕೊಳ್ಳುತ್ತಿದ್ದವನು ಒಬ್ಬ ಗುಮಾಸ್ತ.

ಒಂದು ದಿನ ಕಾರ್ಯದರ್ಶಿ ವಿರೂಪಾಕ್ಷಯ್ಯನವರು ಬುಸುಗುಡುತ್ತ ಬಂದರು. ಪಟಾಕಿ ಗೋದಾಮಿನ ಬೆಂಕಿಯಲ್ಲಿ ಸತ್ತ ಹನ್ನೊಂದು ಜನರ ಪಟ್ಟಿ ಒಂದು ಪುಟದಲ್ಲಿತ್ತು. ಆ ಗೋದಾಮಿಗೆ ಅನುಮತಿ ಕೊಟ್ಟವರು ಇವರೇ.

"ಆ ಪುಟ ತೆಗೆದುಹಾಕು. ಇಲ್ಲಾಂದ್ರೆ ನಾಳೆಯಿಂದ ನಿನಗೆ ಈ ಕುರ್ಚಿ ಇರಲ್ಲ."

"ಆಗಲಿ ಸಾರ್. ಆದೇಶ ಬರೆದು ಸಹಿ ಹಾಕಿಕೊಡಿ."

ಸಾಹೇಬರು ಅರ್ಧ ಹಾಳೆ ತುಂಬುವ ಸಹಿ ಹಾಕಿದರು. ಗುಮಾಸ್ತ ಅವರೆದುರೇ ಪುಟ ತೆಗೆದುಹಾಕಿದ. ಖಾತ್ರಿಗೆಂದು ಸಾಹೇಬರು ತಾವೇ ನಂಬರ್ ಒತ್ತಿದರು. ಪರದೆಯ ಮೇಲೆ ಹೀಗೆ ಬಂತು: "ಗೋದಾಮಿನ ಬೆಂಕಿಯಲ್ಲಿ ಸತ್ತ ಹನ್ನೊಂದು ಜನರ ಪಟ್ಟಿ ಇಲ್ಲಿತ್ತು. ತೆಗೆಸಿದವರು: ಕಾರ್ಯದರ್ಶಿ ವಿರೂಪಾಕ್ಷಯ್ಯ."

ಸಾಹೇಬರು ಮತ್ತೊಮ್ಮೆ ಓದಿದರು. "ಏನಯ್ಯಾ ಇದು?"

"ನಂಬರ್ ಸಾಯೋ ಹಾಗಿಲ್ಲ ಸಾರ್. ಪುಟ ಹೋದರೆ, ತೆಗೆಸಿದವರ ಹೆಸರು ಆ ಜಾಗದಲ್ಲಿ ನಿಲ್ಲಬೇಕು. ನೀವೇ ಮಂಜೂರು ಮಾಡಿದ ನಿಯಮ."

"ಇದನ್ನೂ ತೆಗಿ!"

"ತೆಗೀತೀನಿ. ಆಗ ನಿಮ್ಮ ಹೆಸರು ಎರಡು ಸಲ ಬರುತ್ತೆ."

ಸಾಹೇಬರು ಲೆಕ್ಕ ಹಾಕಿದರು. ಹಳೇ ಪುಟದಲ್ಲಿ ಸತ್ತವರ ಹೆಸರಷ್ಟೇ ಇತ್ತು, ತಮ್ಮದು ಇರಲಿಲ್ಲ. "ಮೊದಲಿನದನ್ನೇ ಹಾಕು ಮಾರಾಯ," ಅಂದರು.

ಗುಮಾಸ್ತ ಹಾಕಿದ. ಸಾಹೇಬರು ಬಾಗಿಲ ಹತ್ತಿರ ಹೋಗಿ ತಿರುಗಿದರು.

"ಬರೀ ಹನ್ನೊಂದು ಹೆಸರಿಗೆ ಯಾಕಯ್ಯಾ ಇಷ್ಟು ಹಠ?"

"ನಾಲ್ಕನೇದು ನಮ್ಮ ಅಕ್ಕಂದು, ಸಾರ್."