ಕಾಳಮ್ಮನ ಮಗ ಲೇತು ಕೂರಿಸಿದ್ದು

ಕರೆಂಟು ಇನ್ನೂ ಬೀದಿಕಂಬದ ತುದಿಯಲ್ಲೇ ಇದ್ದು ಮನೆಯೊಳಗೆ ಕಾಲಿಡದಿದ್ದ ಕಾಲ. ಕಬ್ಬಿಣ ಕಡೆಯುವ ಲೇತನ್ನು ಕಾಲಲ್ಲಿ ತುಳಿದು ತಿರುಗಿಸುತ್ತಿದ್ದರು, ಸಾಣೆಕಲ್ಲನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ಆ ಕಾಲದಲ್ಲಿ ಅರಸೀಕೆರೆಯಲ್ಲಿ ಕಾಳಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ, ಮೋನಾಚಾರಿ. ಆಳೆತ್ತರ ಇದ್ದ, ಕೈ ಗಟ್ಟಿ ಇತ್ತು, ಮೀಸೆಯೂ ಇತ್ತು. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದ. ಅದೇ ಅವನ ರೋಗ.

ಮೋನನ ಅಪ್ಪ ಈರಾಚಾರಿ ತೀರಿಕೊಂಡು ವರ್ಷವಾಗಿತ್ತು. ಅಂಗಳದ ಮೂಲೆಯ ಶೆಡ್ಡಿನಲ್ಲಿ ಅವನ ಲೇತು ಸುಮ್ಮನೆ ನಿಂತಿತ್ತು. ಈರಾಚಾರಿ ಉಳಿ ಹಿಡಿದರೆ ಪಕ್ಕದಲ್ಲಿ ನಿಂತು ತುಳಿಯುತ್ತಿದ್ದವಳು ಕಾಳಮ್ಮನೇ. ಅವರಿಬ್ಬರೂ ಜಗಳವಾಡಿದ ದಿನ ಕೆಲಸ ಒರಟಾಗಿ ಬರುತ್ತದೆ ಅಂತ ಗಿರಾಕಿಗಳು ತಮಾಷೆ ಮಾಡುತ್ತಿದ್ದರು. ಸುಳ್ಳೂ ಅಲ್ಲ. ಆ ಸದ್ದು ನಿಂತ ಮೇಲೆ ಬೀದಿಯವರಿಗೇ ಹೊತ್ತು ಹೋಗುತ್ತಿರಲಿಲ್ಲ, ಇನ್ನು ಕಾಳಮ್ಮನ ಪಾಡು ಕೇಳಬೇಕೆ.

ಅವಳ ತಮ್ಮ ಚೌಡಾಚಾರಿ ತಿಪಟೂರಿನಲ್ಲಿ ವರ್ಕ್‌ಶಾಪು ಇಟ್ಟವನು. ಮನುಷ್ಯ ಒಳ್ಳೆಯವನೇ, ಆದರೆ ತುಕ್ಕು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಒಂದು ದಿನ ಬಂದು ಲೇತಿನ ಮೇಲೆ ಬೆರಳಾಡಿಸಿ ನೋಡಿ, ನಿಲ್ಲಿಸಿಟ್ಟ ಯಂತ್ರ ಸತ್ತ ಹಾಗೇ ಅಂದ. ಆಯುಧಪೂಜೆಯೊಳಗೆ ಮೋನ ಒಂದೇ ಒಂದು ಕೆಲಸ ಮಾಡಿ ಗಿರಾಕಿಗೆ ಸರಿಯಾಗಿ ಮುಟ್ಟಿಸಲಿ, ಲೇತು ಇಲ್ಲೇ ಇರಲಿ. ಆಗಲಿಲ್ಲವೋ, ತಿಪಟೂರಿಗೆ ಒಯ್ಯುತ್ತೇನೆ ಅಂದ. ಕಾಳಮ್ಮ ಒಪ್ಪಿಕೊಂಡಳು. ಒಪ್ಪದೆ ಏನು ಮಾಡುತ್ತಾಳೆ? ಲೇತು ಹೋದರೆ ಈರಾಚಾರಿಯದ್ದು ಅಂತ ಆ ಮನೆಯಲ್ಲಿ ಉಳಿಯುವುದು ಗೋಡೆಯ ಮೇಲಿನ ಕರಿ ಕೈಗುರುತು ಮಾತ್ರ.

ಸರಿ, ಪಾಠ ಶುರುವಾಯಿತು. ಮೊದಲು ಉಳಿ ಹದ ಮಾಡೋದು ಕಲಿ ಅಂತ ಅವಳು ಸಾಣೆಯ ಹಿಡಿ ತಿರುಗಿಸಿದಳು, ಅವನು ಉಳಿ ಒತ್ತಿ ಹಿಡಿದ. ಹಿಡಿದವನು ಹಿಡಿದೇ ಇದ್ದ. ಕಿಡಿ ಹಾರಿತು, ಹೊಗೆ ಬಂತು, ಉಳಿಯ ಮೊನೆ ನೀಲಿಗೆ ತಿರುಗಿತು. ನೀಲಿಯಾಯಿತು ಅಂದರೆ ಉಕ್ಕಿನ ಹದ ಹೋಯಿತು ಅಂತಲೇ ಲೆಕ್ಕ, ಆಮೇಲೆ ಅದು ಬೆಣ್ಣೆಯನ್ನೂ ಕೊರೆಯುವುದಿಲ್ಲ. ಕಾಳಮ್ಮ ಹಣೆ ಚಚ್ಚಿಕೊಂಡಳು.

"ಅಲ್ಲ ಕಣೋ, ಪಕ್ಕದಲ್ಲೇ ನೀರಿನ ತೊಟ್ಟಿ ಇಟ್ಟಿರೋದು ಯಾತಕ್ಕೆ? ಬಿಸಿಯಾಗಿದ್ದು ಕಂಡ ತಕ್ಷಣ ತೊಟ್ಟೀಲಿ ಅದ್ದಬೇಕು."

ಮೋನ ತಲೆಯಾಡಿಸಿದ. ಬಿಸಿಯಾಗಿದ್ದು ಕಂಡ ತಕ್ಷಣ ತೊಟ್ಟೀಲಿ ಅದ್ದಬೇಕು. ತಿಳೀತು ಅವ್ವ, ಅಂದ.

ಮಧ್ಯಾಹ್ನ ಕಾಳಮ್ಮ ರೊಟ್ಟಿ ತಟ್ಟುತ್ತಿದ್ದಳು. ಬೇಯಿಸಿದ್ದನ್ನು ಬೇಯಿಸಿದ ಹಾಗೆ ಬುಟ್ಟಿಗೆ ಹಾಕುತ್ತಿದ್ದಳು. ನೋಡುತ್ತಾಳೆ, ಬುಟ್ಟಿ ಖಾಲಿ. ಇನ್ನೊಂದು ಹಾಕಿದಳು, ಅದೂ ಇಲ್ಲ. ಎದ್ದು ಹೋಗಿ ನೋಡಿದರೆ ಮಗರಾಯ ಸಾಣೆಯ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾನೆ. ಕಲ್ಲಿನ ಪುಡಿ, ಕಬ್ಬಿಣದ ಪುಡಿ ಕದಡಿದ ಕರಿ ನೀರು. ಅದರ ತುಂಬ ಅಕ್ಕಿ ರೊಟ್ಟಿ ತೇಲುತ್ತಿವೆ. ಒಂದೂ ನೀಲಿಯಾಗಿಲ್ಲ ಅವ್ವ, ಎಲ್ಲದರದ್ದೂ ಹದ ಉಳಿಸಿದೆ, ಅಂತ ಖುಷಿಯಾಗಿ ಹೇಳಿದ.

ಕಾಳಮ್ಮ ಅವತ್ತು ಉಪವಾಸ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಅದ್ದುವ ಭರಕ್ಕೆ ತೊಟ್ಟಿಯ ನೀರು ಲೇತಿನ ಮೈಮೇಲೂ ಚೆಲ್ಲಿ, ಬೆಳಗಾಗುವುದರೊಳಗೆ ಉಳಿ ಜಾರುವ ಕಬ್ಬಿಣದ ಹಾಸಿನ ಉದ್ದಕ್ಕೂ ಕೆಂಪು ತುಕ್ಕು ಕೂತಿತ್ತು. ಅವಳು ಸೆರಗಿನಲ್ಲೇ ಉಜ್ಜುತ್ತ ಬೈದಳು, ಬೈಯುತ್ತ ಅತ್ತಳು. ನಿಮ್ಮಪ್ಪ ಇದ್ದಾಗ ಈ ಹಾಸಿನಲ್ಲಿ ಮುಖ ನೋಡಿಕೊಂಡು ಕುಂಕುಮ ಇಡುತ್ತಿದ್ದೆ ಕಣೋ ಅಂದಳು. ಆಮೇಲೆ ಕಣ್ಣೊರೆಸಿಕೊಂಡು, ನೀರು ತಾಕಿದ್ದನ್ನು ಹಾಗೇ ಬಿಡಬಾರದು, ಒಣಬಟ್ಟೆಯಲ್ಲಿ ಒರೆಸಿ ಎಣ್ಣೆ ಸವರಬೇಕು ಅಂತ ಹೇಳಿಕೊಟ್ಟಳು.

ನೀರು ತಾಕಿದ್ದನ್ನು ಒರೆಸಿ ಎಣ್ಣೆ ಸವರಬೇಕು. ತಿಳೀತು ಅವ್ವ, ಅಂದ ಮೋನ.

ನವರಾತ್ರಿ ಶುರುವಾಯಿತು. ನಾಲ್ಕನೆಯ ದಿನ ಹಿಟ್ಟಿನ ಗಿರಣಿಯ ಹಾಲಪ್ಪನವರು ಒಂದು ಕೆಲಸ ಹಿಡಿದುಕೊಂಡು ಬಂದರು. ಗಿರಣಿಯ ಕಲ್ಲು ತಿರುಗಿಸುವ ಶಾಫ್ಟು, ಮೊಳದುದ್ದದ್ದು, ಸವೆದು ಲಟಪಟ ಅನ್ನುತ್ತಿದೆ, ಇದರ ಅಳತೆಗೇ ಹೊಸದು ಬೇಕು. ಬೇರೆ ಕಡೆ ಕೊಡಬಹುದಿತ್ತು, ಆದರೆ ಈರಾಚಾರಿ ಮಾಡಿದ ಸಾಮಾನು ಹದಿನೈದು ವರ್ಷ ತಿರುಗಿದೆ ನೋಡಿ, ಆ ಋಣ, ಅಂತ ಬಾಗಿಲಲ್ಲೇ ನಿಂತು ಹೇಳಿದರು. ಕಾಳಮ್ಮನಿಗೆ ಜೀವ ಬಂದ ಹಾಗಾಯಿತು. ಕೂತ್ಕೊಳ್ಳಿ ಅಂತ ಕಾಲಿಗೆ ನೀರು ಕೊಟ್ಟು ಕಾಫಿ ತರಲು ಒಳಗೆ ಹೋದಳು.

ಹಾಲಪ್ಪನವರು ಕಾಲು ತೊಳೆದುಕೊಂಡರು. ಮೋನ ನೋಡಿದ. ನೀರು ತಾಕಿದೆ. ಒಣಬಟ್ಟೆ ತಂದು ಎರಡು ಪಾದಗಳನ್ನೂ ಚೆನ್ನಾಗಿ ಒರೆಸಿದ. ಎಷ್ಟು ವಿನಯ ಈ ಹುಡುಗನಿಗೆ ಅಂತ ಅವರು ಕಣ್ಣರಳಿಸಿ ನೋಡುತ್ತಿರುವಾಗಲೇ ಎಣ್ಣೆ ಡಬ್ಬಿ ಎತ್ತಿ ಹಿಮ್ಮಡಿಯಿಂದ ಬೆರಳ ಸಂದಿಯವರೆಗೆ ಲೇತಿನ ಎಣ್ಣೆ ಸವರಿದ. ಹಾಲಪ್ಪನವರು ಗಾಬರಿಯಿಂದ ಎದ್ದರು. ಎದ್ದವರು ನಿಲ್ಲಲಿಲ್ಲ. ಗಾರೆ ನೆಲದ ಮೇಲೆ ಈ ಗೋಡೆಯಿಂದ ಆ ಗೋಡೆಗೆ ಜಾರಿಕೊಂಡು ಹೋಗಿ, ಕಾಫಿ ಲೋಟ ಹಿಡಿದು ಬರುತ್ತಿದ್ದ ಕಾಳಮ್ಮನ ಕಾಲ ಬುಡದಲ್ಲಿ ಕೂತರು.

ದೊಡ್ಡ ಮನುಷ್ಯರು, ಕೋಪಿಸಿಕೊಳ್ಳಲಿಲ್ಲ. ಸೊಂಟ ಹಿಡಿದುಕೊಂಡು, "ತಾಯಿ, ನನಗೆ ತುಕ್ಕು ಹಿಡಿಯೋ ವಯಸ್ಸು ನಿಜ. ಆದರೂ ಶಾಫ್ಟಿಗಿರಲಿ ಈ ಎಣ್ಣೆ," ಅಂದು, ಹಳೇ ಶಾಫ್ಟು ಅಲ್ಲೇ ಬಿಟ್ಟು ಗೋಡೆ ಹಿಡಿದುಕೊಂಡು ಹೊರಟರು.

ಎಣ್ಣೆ ಡಬ್ಬಿ ಹಿಡಿದು ಮನೆಯೆಲ್ಲ ಓಡಾಡೋದು ಯಾರು ಹೇಳಿಕೊಟ್ಟರು ನಿನಗೆ, ಅಂತ ಕಾಳಮ್ಮ ಬೈದಳು. ಕೆಲಸ ಆದ ಮೇಲೆ ಯಾವ ವಸ್ತುವನ್ನೂ ಅಲ್ಲಿ ಇಲ್ಲಿ ಇಡಬಾರದು. ನಿಮ್ಮಪ್ಪ ದೀಪ ಇಲ್ಲದಿದ್ದರೂ ಕೈ ಚಾಚಿ ಬೇಕಾದ ಸ್ಪ್ಯಾನರು ತೆಗೆಯುತ್ತಿದ್ದರು. ಯಾಕೆ ಗೊತ್ತಾ?

"ಎಲ್ಲಿಂದ ತಗೊಂಡಿದ್ದರೋ ಅಲ್ಲಿಗೇ ಸೇರಿಸ್ತಿದ್ದರು. ನೀನೂ ಅಷ್ಟೆ. ಎಲ್ಲಿಂದ ತಂದೆಯೋ, ಕೆಲಸ ಮುಗಿದ ಮೇಲೆ ಅಲ್ಲಿಗೇ ಸೇರಿಸು."

ಎಲ್ಲಿಂದ ತಂದೆಯೋ ಅಲ್ಲಿಗೇ ಸೇರಿಸು. ತಿಳೀತು ಅವ್ವ, ಅಂದ ಮೋನ.

ಮಾರನೆಯ ದಿನ ಸಂತೆಬೀದಿಯ ಕಬ್ಬಿಣದ ಅಂಗಡಿಗೆ ಹೋಗಿ ಅವನೇ ಒಂದು ಸರಳು ತಂದ. ಕಾಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಪೆಡಲಿನ ಮೇಲೆ ಕಾಲಿಟ್ಟಳು. ಒಂದು ವರ್ಷದ ಮೇಲೆ ಲೇತು ತಿರುಗಿತು.

ಈ ಒಂದು ವಿಷಯ ಕೇಳಿ. ಲೇತಿನ ಮುಂದೆ ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು ಕೆಟ್ಟ ಕೆಲಸಗಾರನಲ್ಲ. ಸರಳನ್ನು ಕಚ್ಚಿ ಹಿಡಿಯುವ ಚಕ್ಕು ಬಿಗಿ ಮಾಡಿದ ಕೂಡಲೇ ಅದರ ಕೀಲಿ ಕಿತ್ತು ತೆಗಿ ಅಂದಳು, ತೆಗೆದ. ಉಳಿಯ ಮೊನೆ ಸರಳಿನ ನಡುಮಧ್ಯಕ್ಕೆ ಸಮ ಇರಲಿ ಅಂದಳು, ಇಟ್ಟ. ಒಂದೇ ಸಲ ಆಳಕ್ಕೆ ಇಳಿಸಬೇಡ, ಕಾಗದದಷ್ಟು ಕಾಗದದಷ್ಟೇ ತೆಗಿ ಅಂದಳು. ಕಾಗದದಷ್ಟು ಕಾಗದದಷ್ಟೇ ತೆಗೆದ. ಬೇರೆ ಯಾರಾದರೂ ಆಗಿದ್ದರೆ ಸಂಜೆಯ ಹೊತ್ತಿಗೆ ಬೇಸರ ಬಂದು ಒಂದು ಎಳೆ ಹೆಚ್ಚಿಗೆ ಇಳಿಸುತ್ತಿದ್ದರು. ಮೋನನಿಗೆ ಬೇಸರ ಅನ್ನುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಕಬ್ಬಿಣ ಸುರುಳಿ ಸುರುಳಿಯಾಗಿ ಅವನ ಕಾಲ ಬಳಿ ಬಿತ್ತು. ಸುಟ್ಟ ಎಣ್ಣೆಯ ವಾಸನೆ ಅಂಗಳದಿಂದ ಬೀದಿಗೆ ಹೋಯಿತು. ಎದುರು ಮನೆಯ ಅಜ್ಜಿ ಕಟ್ಟೆಗೆ ಬಂದು ಕೂತು, ಈರಾಚಾರಿ ಬಂದನೇನೋ ಅಂದುಕೊಂಡೆ ಅಂದಳು. ಕಾಳಮ್ಮ ತುಳಿಯುತ್ತಲೇ ಇದ್ದಳು.

ಅವತ್ತೂ ತುಳಿದಳು, ಮಾರನೆಯ ದಿನವೂ ತುಳಿದಳು. ಶಾಫ್ಟು ಮುಗಿಯಿತು. ದಪ್ಪ ಅಳೆಯುವ ಕ್ಯಾಲಿಪರ್ ಹಿಡಿದು ಈ ತುದಿಯಿಂದ ಆ ತುದಿಗೆ ನೋಡಿದಳು. ಎಲ್ಲೂ ಬಿಗಿಯಾಗಲಿಲ್ಲ, ಎಲ್ಲೂ ಸಡಿಲಾಗಲಿಲ್ಲ. ಮಗನ ತಲೆ ಸವರಿ, ಹೊಸದು ಹಳೆಯದು ಎರಡನ್ನೂ ಅವನ ಹೆಗಲಿಗೇರಿಸಿ, ಹೋಗಿ ಮುಟ್ಟಿಸಿ ಬಾ ಅಂತ ಕಳಿಸಿ, ತಮ್ಮನಿಗೂ ಹೇಳಿಕಳಿಸಿದಳು. ಗಿರಣಿಯ ಶಾಫ್ಟು ಆಯಿತು, ಬಂದು ನೋಡಿಕೊಂಡು ಹೋಗು ಅಂತ.

ಮೋನ ನಡೆದ. ಹಳೇ ಶಾಫ್ಟು ಬಂದದ್ದು ಗಿರಣಿಯಿಂದ. ಗಿರಣಿಗೆ ಹೋದ, ಹಾಲಪ್ಪನವರು ಹೊರಗೆ ಹೋಗಿದ್ದರು, ತಾನೇ ಬಗ್ಗಿ ಹಳೇ ಶಾಫ್ಟನ್ನು ಅದರ ಜಾಗದಲ್ಲಿ ಕೂರಿಸಿ ಬೋಲ್ಟು ಬಿಗಿದ. ಹೊಸ ಶಾಫ್ಟಿನ ಸರಳು ಬಂದದ್ದು ಕಬ್ಬಿಣದ ಅಂಗಡಿಯಿಂದ. ಅಲ್ಲಿಗೆ ಹೋಗಿ ಅದು ಇದ್ದ ರಾಶಿಯನ್ನೇ ಗುರುತು ಹಿಡಿದು ಅದರೊಳಗೆ ಸೇರಿಸಿದ. ಕೈ ಬೀಸಿಕೊಂಡು ಮನೆಗೆ ಬಂದ. ಎರಡೂ ಅದದರ ಜಾಗ ಸೇರಿದವು ಅವ್ವ, ಅಂದ.

ಚೌಡಾಚಾರಿ ಎತ್ತಿನ ಗಾಡಿ ಹೊಡೆದುಕೊಂಡು ಬಂದದ್ದು ಆಯುಧಪೂಜೆಯ ಹಿಂದಿನ ದಿನ. ಬರುವಾಗ ದಾರಿಯಲ್ಲೇ ಗಿರಣಿ. ಗಿರಣಿಯ ಮುಂದೆ ಜನವೋ ಜನ. ಹಬ್ಬಕ್ಕೆ ಹಿಟ್ಟು ಬೇಕು, ಕಲ್ಲು ಕಿರ್ರೋ ಅಂದು ನಿಂತೇ ಹೋಗಿದೆ. ಚೌಡಾಚಾರಿ ಬಗ್ಗಿ ನೋಡಿದ, ಹಳೇ ಶಾಫ್ಟು. ಅಕ್ಕನ ಮನೆಗೆ ಬಂದು ಅಳಿಯನನ್ನು ಕೇಳಿದ, ಹೊಸದು ಎಲ್ಲಿ ಅಂತ. ಮೋನ ಅವನನ್ನು ಕಬ್ಬಿಣದ ಅಂಗಡಿಗೇ ಕರೆದುಕೊಂಡು ಹೋಗಿ ತೋರಿಸಿದ. ಚೌಡಾಚಾರಿ ರಾಶಿಯಿಂದ ಅದನ್ನು ಎಳೆದು, ಹೆಬ್ಬೆರಳು ಸವರಿ ನೋಡಿದ. ಮತ್ತೊಮ್ಮೆ ಸವರಿದ. ತಾನೇ ಒಯ್ದು ಗಿರಣಿಗೆ ಹಾಕಿದ. ಗಿರಣಿ ತಿರುಗಿತು, ಒಂದಿಷ್ಟೂ ಸದ್ದಿಲ್ಲ.

ಮನೆಗೆ ಬಂದು ಜಗಲಿಯ ಮೇಲೆ ಕೂತ.

"ಕೈ ಭಾವನದೇ ಅಕ್ಕ. ಸುಳ್ಳು ಹೇಳಲ್ಲ. ಆದರೆ ಮುಟ್ಟಿಸಲಿಲ್ಲವಲ್ಲ. ಮಾತು ಮಾತೇ."

ಕಾಳಮ್ಮ ಬೇಡಿಕೊಳ್ಳಲಿಲ್ಲ. ಒಪ್ಪಿದವಳು ಅವಳೇ. ಹೋಗಲಿ, ಮೋನನನ್ನೂ ಜೊತೆಗೆ ಕರೆದುಕೊಂಡು ಹೋಗು, ಒರೆಸೋದಕ್ಕಾದರೂ ಇರಲಿ ಅಂದಳು. ಅದಕ್ಕೆ ಚೌಡಾಚಾರಿ ಒಪ್ಪಿದ. ಬೀದಿಯವರೆಲ್ಲ ಸೇರಿ ಲೇತನ್ನು ಗಾಡಿಗೇರಿಸಿ ಹಗ್ಗ ಕಟ್ಟಿದರು. ತನ್ನ ಅಂಗಡಿಯಲ್ಲಿ ಲೇತಿಗೆ ಕಟ್ಟೆ ಕಟ್ಟಲು ಚೌಡಾಚಾರಿ ಸಿಮೆಂಟಿನ ಮೂಟೆಗಳನ್ನೂ ಕೊಂಡು ತಂದು ಪಕ್ಕದಲ್ಲೇ ಇಟ್ಟ. ಬೆಳಗಿನ ಜಾವ ಹೊರಟರೆ ಸಂಜೆಯ ಪೂಜೆಗೆ ತಿಪಟೂರು, ಎದ್ದು ಸಿದ್ಧವಾಗಿರು ಅಂತ ಮೋನನಿಗೆ ಹೇಳಿ, ಎತ್ತು ಬಿಚ್ಚಿಕೊಂಡು ಸ್ಟೇಷನ್ ಹತ್ತಿರದ ಬೀಗರ ಮನೆಗೆ ಹೋದ.

ಕಾಳಮ್ಮ ಗಾಡಿಯ ಹತ್ತಿರ ಬಂದು ಲೇತಿನ ಹಾಸನ್ನು ಮುಟ್ಟಿ ನೋಡಿದಳು. ಆಮೇಲೆ ಮಗನನ್ನು ಕರೆದಳು. ಕೂರಿಸುವಾಗ ಇವರೆಲ್ಲ ಆತುರ ಮಾಡುತ್ತಾರೆ, ನೀನು ಮಾಡಬೇಡ ಅಂದಳು.

"ಲೇತು ಯಾವುದರ ಮೇಲೆ ಕೂತಿರುತ್ತೋ ಅದು ಕೂದಲೆಳೆಯಷ್ಟೂ ಅಲುಗಬಾರದು. ಬುಡಕ್ಕೆ ಕಾಂಕ್ರೀಟು ಹಾಕು. ರಸಮಟ್ಟ ಇಟ್ಟು ನೋಡು, ಅದರ ಗಾಜಿನೊಳಗಿನ ಗುಳ್ಳೆ ಸರಿಯಾಗಿ ನಡುವೆ ನಿಲ್ಲಬೇಕು. ನಿಮ್ಮಪ್ಪನ ಲೇತು ಕಣೋ, ಓರೆಯಾಗಬಾರದು."

ಅಷ್ಟು ಹೇಳಿ ಒಳಗೆ ಹೋಗಿ, ಗೋಡೆಗೆ ಮುಖ ಮಾಡಿ ಮಲಗಿ, ಸೆರಗು ಕಿವಿಯ ಮೇಲೆಳೆದುಕೊಂಡಳು.

ಮೋನ ನೋಡಿದ. ಲೇತು ಗಾಡಿಯ ಮೇಲೆ ಕೂತಿದೆ. ಕೈಯಿಂದ ತಳ್ಳಿದ. ಗಾಡಿ ಅಲುಗಿತು.

ಪಿಕಾಸಿ ತಂದ. ಎರಡು ಚಕ್ರದ ಬುಡದಲ್ಲೂ ಗುಂಡಿ ತೋಡಿದ, ಚಕ್ರಗಳು ಅಚ್ಚಿನವರೆಗೆ ಇಳಿದವು. ಹಿತ್ತಿಲ ಗೋಡೆಗೆಂದು ಅಪ್ಪ ಹಾಕಿಸಿದ್ದ ಜಲ್ಲಿ ಮರಳು ಹೊತ್ತು ತಂದ. ಮಾವನ ಸಿಮೆಂಟು ಅಲ್ಲೇ ಇತ್ತು. ಕಲಸಿದ, ಸುರಿದ, ಹಾರೆಯಲ್ಲಿ ಕುಟ್ಟಿದ. ಗಾಡಿಯ ಮುಂದಿನ ಮೂಕಿಮರಕ್ಕೂ ಒಂದು ಕಂಬ ಕೊಟ್ಟು ಅದರ ಬುಡಕ್ಕೂ ಸುರಿದ. ರಸಮಟ್ಟ ಇಟ್ಟು ನೋಡಿದ. ಗುಳ್ಳೆ ಸ್ವಲ್ಪ ಎಡಕ್ಕೆ. ಬೆಣೆ ಹೊಡೆದ. ಸ್ವಲ್ಪ ಬಲಕ್ಕೆ. ಕಾಗದದಷ್ಟು ಸಡಿಲ ಮಾಡಿದ. ನಡುವೆ ನಿಂತಿತು.

ಮಬ್ಬಿನಲ್ಲೇ ಚೌಡಾಚಾರಿ ಎತ್ತು ತಂದು ನೊಗಕ್ಕೆ ಕಟ್ಟಿ ಹೊಯ್ ಅಂದ. ಎತ್ತುಗಳು ಎಳೆದವು. ಕತ್ತು ತಗ್ಗಿಸಿ ಎಳೆದವು, ಮಂಡಿಯೂರಿ ಎಳೆದವು. ಆಮೇಲೆ ತಿರುಗಿ ಅವನ ಮುಖವನ್ನೇ ನೋಡಿದವು. ಅಷ್ಟರಲ್ಲಿ ಬೆಳಕು ಹರಿಯಿತು. ಚೌಡಾಚಾರಿ ಬಗ್ಗಿ ಚಕ್ರ ನೋಡಿದ, ಅರ್ಧ ಚಕ್ರವೇ ಇಲ್ಲ. ಮೂಟೆ ನೋಡಿದ, ಬರೀ ಚೀಲ ಬಿದ್ದಿವೆ.

ಸುತ್ತಿಗೆ ಚಾಣ ತಾರೇ ಅಕ್ಕ, ಹಾರೆ ತಾ, ಅಂತ ಕೂಗಿದ.

ಬೇಗ ಎದ್ದು ಒಳಗೆ ಆಯುಧಗಳಿಗೆ ಕುಂಕುಮ ಇಡುತ್ತಿದ್ದ ಕಾಳಮ್ಮ ಬಾಗಿಲಿಗೆ ಬಂದು ನಿಂತಳು. ಗಾಡಿ ನೋಡಿದಳು, ನೆಲ ನೋಡಿದಳು, ಮಗನನ್ನು ನೋಡಿದಳು. ಬೈಯಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು.

"ಇವತ್ತು ಆಯುಧಪೂಜೆ ಕಣೋ ಚೌಡ. ಸುತ್ತಿಗೆ, ಚಾಣ, ಹಾರೆ, ಎಲ್ಲಾ ದೇವರ ಮುಂದೆ ಕೂತಿವೆ. ಆಚಾರಿ ಮನೇಲಿ ಹುಟ್ಟಿದವನು, ಕುಂಕುಮ ಇಟ್ಟ ಆಯುಧಾನ ಇವತ್ತು ಯಾವ ಕೈಯಲ್ಲಿ ಮುಟ್ಟುತ್ತೀಯ?"

ಚೌಡಾಚಾರಿ ಕೈ ಹಿಂದಕ್ಕೆಳೆದುಕೊಂಡ. ಗಾಡಿ ಹತ್ತಿ, ಲೇತಿನ ಹಾಸಿನ ಮೇಲಿದ್ದ ರಸಮಟ್ಟಕ್ಕೆ ಕಣ್ಣಿಟ್ಟು ನೋಡಿದ. ಆ ಕಡೆಯಿಂದ ನೋಡಿದ, ಈ ಕಡೆಯಿಂದ ನೋಡಿದ. ಕೆಲಸ ಬಲ್ಲವನು, ಬಾಯಿಗೆ ಬಂದದ್ದನ್ನು ತಡೆಯಲಾಗಲಿಲ್ಲ. ಭಾವ ಕೂಡ ಇಷ್ಟು ಮಟ್ಟವಾಗಿ ಕೂರಿಸಿರಲಿಲ್ಲವಲ್ಲ ಅಕ್ಕ, ಅಂದ. ಕಾಳಮ್ಮ ಆಗಲೇ ಗಾಡಿಯ ಮೇಲಿನ ಲೇತಿಗೆ ಹೂವು ಏರಿಸುತ್ತಿದ್ದಳು.

ಅವನು ಎತ್ತುಗಳನ್ನು ಬಿಚ್ಚಿ, ಹಗ್ಗ ಕೈಗೆ ಸುತ್ತಿಕೊಂಡು, ನಡೆದೇ ಹೋಗಲು ಅಂಗಳ ದಾಟುತ್ತಿದ್ದ. ಹಿಂದಿನಿಂದ ಮೋನ ಕೂಗಿದ. ಮಡಿ ಅಂಗಿ ತೊಟ್ಟು, ಬಟ್ಟೆಗಂಟು ತೊಡೆಯ ಮೇಲಿಟ್ಟುಕೊಂಡು, ಲೇತಿಗೆ ಕಟ್ಟಿದ್ದ ಹಗ್ಗ ಬಿಗಿಯಾಗಿ ಹಿಡಿದು ಅವನು ಗಾಡಿಯ ಮೂಲೆಯಲ್ಲಿ ಕೂತಿದ್ದ.

"ಹೊತ್ತಾಯ್ತಲ್ಲ ಮಾವ, ತಿಪಟೂರಿಗೆ ಹೊರಡೋದಿಲ್ವ?"